ಅರಳದ ಮೂರನೇ ಹಪ್ಪಳ

ನಮ್ಮ ಊರಿನಲ್ಲಿ ಹಪ್ಪಳದ ಮೇಲೆ ಸುಳ್ಳು ಬರೆದರೆ ಅದು ಅರಳುವುದಿಲ್ಲ. ಎಣ್ಣೆ ಎಷ್ಟೇ ಕಾದಿರಲಿ, ಉದ್ದು ಎಷ್ಟೇ ಹೊಸದಾಗಿರಲಿ, ಬಾಣಲೆಗೆ ಬಿಟ್ಟ ಕೂಡಲೇ ಮುದುರಿಕೊಂಡು ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ ತಳ ಸೇರಿಬಿಡುತ್ತದೆ. ನಿಜ ಬರೆದರೆ ಸುಯ್ಯೆಂದು ಅರಳಿ ಬಾಣಲೆಯ ತುಂಬ ಹರಡಿಕೊಳ್ಳುತ್ತದೆ. ಹೊರಗಿನಿಂದ ಬಂದವರು ಇದನ್ನು ಕೇಳಿ ನಗುತ್ತಾರೆ. ನಾವು ವಾದಕ್ಕೆ ಹೋಗುವುದಿಲ್ಲ. ಊಟಕ್ಕೆ ಕೂರಿಸಿ, ಏನೂ ಬರೆಯದ ಹಪ್ಪಳ ಬಡಿಸಿ ಕಳಿಸುತ್ತೇವೆ. ಊರೊಳಗಿನವರಿಗೆ ಇದು ಗಾಳಿ ಬೆಳಕಿನಷ್ಟೇ ಸಹಜ. ಹೆಣ್ಣು ನೋಡಲು ಬರುವವರಿದ್ದರೆ ಆ ಮನೆಯ ಹಪ್ಪಳದ ಡಬ್ಬಿ ಮೊದಲೇ ಅಟ್ಟ ಸೇರಿರುತ್ತದೆ. ಗಂಡ ಹೊತ್ತು ಮೀರಿ ಮನೆಗೆ ಬಂದರೆ ಹೆಂಡತಿ ಏನೂ ಕೇಳುವುದಿಲ್ಲ. ಒಂದು ಹಪ್ಪಳ, ಬರೆಯಲು ಒಂದು ಗರಿಕಡ್ಡಿ, ಒಂದು ಬಟ್ಟಲು ಅರಿಶಿನದ ನೀರು ತಂದು ಅವನ ಮುಂದಿಟ್ಟು ಒಲೆ ಹಚ್ಚಲು ಹೋಗುತ್ತಾಳೆ.

ಮನೆಯ ಮಾತು ಹಾಗಿರಲಿ, ದೊಡ್ಡ ಕರಿತ ನಡೆಯುವುದು ಪುರಸಭೆಯ ಅಂಗಳದಲ್ಲಿ, ಯುಗಾದಿ ಕಳೆದ ಮೊದಲ ಭಾನುವಾರ. ಇಪ್ಪತ್ತಕ್ಕಿಂತ ಹೆಚ್ಚು ಜನರನ್ನು ದುಡಿಸಿಕೊಳ್ಳುವ ಯಾವ ಕಾರ್ಖಾನೆ, ಯಾವ ಮಂಡಿ, ಯಾವ ಸಂಘವೇ ಆಗಲಿ, ಅಲ್ಲಿ ಮೂರು ಹಪ್ಪಳ ತರಬೇಕು. ಒಂದರ ಮೇಲೆ ನೆಲದ ಮಾತು: ನೀರು, ಹೊಗೆ, ಕಸ ಏನು ಮಾಡಿದಿರಿ ಎಂದು. ಇನ್ನೊಂದರ ಮೇಲೆ ಜನದ ಮಾತು: ಕೆಲಸದವರನ್ನು ಹೇಗೆ ನೋಡಿಕೊಂಡಿರಿ ಎಂದು. ಮೂರನೆಯದರ ಮೇಲೆ ಯಜಮಾನಿಕೆಯ ಮಾತು: ನಿಮ್ಮೊಳಗೆ ತೀರ್ಮಾನ ಮಾಡುವವರು ಯಾರು, ಹೇಗೆ ಎಂದು. ಯಜಮಾನರು ಜನರ ಮುಂದೆ ಓದಿ ಹೇಳಬೇಕು, ಆಮೇಲೆ ಎಣ್ಣೆಗೆ. ಮೂರೂ ಅರಳಿದರೆ ಆ ವರ್ಷ ಪುರಸಭೆಯ ನಿಧಿ ಅವರಿಗೆ ತೆರೆದಿರುತ್ತದೆ. ಅರಳದಿದ್ದರೆ ಬಾಗಿಲು ಮುಚ್ಚಿತು, ಜೊತೆಗೆ ಆ ಹಪ್ಪಳವನ್ನು ಯಜಮಾನರು ಅಲ್ಲೇ ನಿಂತು ಅಗಿದು ನುಂಗಬೇಕು.

ಹನ್ನೊಂದು ವರ್ಷದಿಂದ ಆ ಬಾಣಲೆಯ ಮುಂದೆ ಕೂರುತ್ತಿದ್ದವಳು ನಾನು. ಹೆಸರು ಭಾಗೀರಥಿ, ಕರೆಯುವುದು ಭಾಗಕ್ಕ. ಹೊಟ್ಟೆಪಾಡಿಗೆ ಒಂಬತ್ತು ವರ್ಷದಿಂದ ಮಹಿಳೆಯರದೊಂದು ಹಪ್ಪಳ ಸಂಘ ನಡೆಸುತ್ತಿದ್ದೇನೆ. ಆದರೆ ಊರು ನನ್ನನ್ನು ಗುರುತಿಸುತ್ತಿದ್ದದ್ದು ಆ ಜಾಲರಿ ಸೌಟಿನಿಂದ. ಸೌಟು ಹಿಡಿದು ಅಂಗಳಕ್ಕೆ ಬಂದರೆ ಅಕ್ಕಿ ಗಿರಣಿಯ ಮಾಲೀಕರೂ ಎದ್ದು ನಿಲ್ಲುತ್ತಿದ್ದರು. ಸಂಕೋಚ ಬಿಟ್ಟು ಹೇಳುತ್ತೇನೆ, ಅದು ನನಗೆ ತುಂಬ ಇಷ್ಟವಾಗಿತ್ತು.

ನಾನು ಸೌಟು ಹಿಡಿದ ಮೊದಲ ವರ್ಷ ಬಣ್ಣದ ಕಾರ್ಖಾನೆಯ ಸಾಹುಕಾರ ಈರಭದ್ರಪ್ಪನವರು "ನಮ್ಮ ಕಾರ್ಖಾನೆಯ ನೀರು ಹಳ್ಳಕ್ಕೆ ಸೇರುವುದಿಲ್ಲ" ಎಂದು ಬರೆದು ತಂದಿದ್ದರು. ಹಪ್ಪಳ ಬಾಣಲೆಯಲ್ಲಿ ಮುದುರಿದ ಪರಿಗೆ ನನಗೇ ಮರುಕ ಬಂತು. ಅವರು ಅದನ್ನು ಮುಕ್ಕಾಲು ಗಂಟೆ ಅಗಿದರು. ಜನ ಕಡಲೆಕಾಯಿ ಕೊಂಡು ತಂದು ನೋಡಿದರು. ಹಲ್ಲಿನ ವೈದ್ಯರು ಚೀಟಿ ಹಂಚಿದರು.

ಮರುವರ್ಷ ಈರಭದ್ರಪ್ಪನವರ ಪಕ್ಕದಲ್ಲಿ ಪ್ರಹ್ಲಾದರಾಯರು ಇದ್ದರು. ರಾಯರು ಮೊದಲು ಕೋರ್ಟಿನ ಮುಂದೆ ಅರ್ಜಿ ಬರೆದುಕೊಡುತ್ತಿದ್ದವರು. ಒಳ್ಳೆಯ ಮನುಷ್ಯ, ನಾಲಿಗೆ ಮೆತ್ತಗೆ, ಕೈಬರಹ ಮುತ್ತಿನ ಸಾಲು. ಅವರು ಬರೆದುಕೊಟ್ಟ ನೆಲದ ಮಾತು ಹೀಗಿತ್ತು: "ಹಳ್ಳದ ವಿಷಯವಾಗಿ ನಾವು ಯೋಚಿಸಿದ್ದೇವೆ." ಎಣ್ಣೆಗೆ ಬಿಟ್ಟೆ. ಹುಣ್ಣಿಮೆಯ ಚಂದ್ರನ ಹಾಗೆ ಅರಳಿತು! ಯಾಕೆ ಅರಳುವುದಿಲ್ಲ? ಯೋಚಿಸಿದ್ದು ನಿಜವೇ ಇರಬೇಕು. ಅಂದಿನಿಂದ ಊರಿನ ಯಜಮಾನರೆಲ್ಲ ರಾಯರ ಜಗಲಿಯ ಮೇಲೆ. "ನೀರು ಜೀವಾಳ", "ಕೆಲಸಗಾರರು ಮನುಷ್ಯರು", "ಸ್ವಚ್ಛತೆ ಒಂದು ಮಹತ್ವದ ವಿಷಯ". ವರ್ಷ ವರ್ಷವೂ ಅಂಗಳದ ತುಂಬ ಚಂದ್ರರೇ ಚಂದ್ರರು. ಚಪ್ಪಾಳೆ, ವಾಲಗ. ಹಳ್ಳದ ನೀರು ಮಾತ್ರ ನೇರಳೆಯಾಗಿಯೇ ಹರಿಯುತ್ತಿತ್ತು.

ಈ ವರ್ಷ ನಮ್ಮ ಸಂಘಕ್ಕೆ ಇಪ್ಪತ್ತೊಂದನೆಯ ಹೆಂಗಸು ಸೇರಿದಳು. ಅಲ್ಲಿಗೆ ನಾವೂ ಮೂರು ಹಪ್ಪಳ ತರಬೇಕಾಯಿತು. ನಮಗೆ ನಿಧಿಯ ಅಗತ್ಯವೂ ಇತ್ತು. ಉದ್ದಿನ ಹಿಟ್ಟು ಕುಟ್ಟಿ ಕುಟ್ಟಿ ಹೆಂಗಸರ ಭುಜ ಸೋತುಹೋಗಿತ್ತು. ಹಿಟ್ಟು ಕುಟ್ಟುವ ಯಂತ್ರ ಇಲ್ಲದೆ ಇನ್ನೊಂದು ವರ್ಷ ತಳ್ಳುವುದು ಕಷ್ಟವಿತ್ತು. ನನಗೆ ಚಿಂತೆ ಏನೂ ಇರಲಿಲ್ಲ. ಊರಿನ ನಿಜ ಸುಳ್ಳು ಕರಿದವಳು ನಾನು, ನನ್ನ ಹಪ್ಪಳ ಅರಳದೆ ಇನ್ಯಾರದು ಅರಳಬೇಕು?

ಕರಿತಕ್ಕೆ ಐದು ದಿನ ಮುಂಚೆ, ಮಂಗಳವಾರ ಮಧ್ಯಾಹ್ನ, ಮನೆಯಲ್ಲೇ ಕೂತು ಬರೆದೆ. "ಉದ್ದು ತೊಳೆದ ನೀರನ್ನು ನುಗ್ಗೆ ಗಿಡಗಳಿಗೆ ಬಿಡುತ್ತೇವೆ." ಒಂದು ಹಪ್ಪಳವನ್ನು ಪರೀಕ್ಷೆಗೆಂದು ಕರಿದೆ, ಅರಳಿತು. "ಶನಿವಾರ ಸಂಜೆ ಕೂಲಿ ಕೊಡುವುದು ಒಂದು ವಾರವೂ ತಪ್ಪಿಲ್ಲ." ಅರಳಿತು. "ನಮ್ಮಲ್ಲಿ ಪ್ರತಿಯೊಂದು ತೀರ್ಮಾನವನ್ನೂ ಎಲ್ಲರೂ ಕೂಡಿ ಮಾಡುತ್ತೇವೆ." ಇದನ್ನು ಬಿಡುವಾಗ ಎಷ್ಟು ನಿಶ್ಚಿಂತೆಯಿಂದಿದ್ದೆನೆಂದರೆ ಬಾಣಲೆಯ ಕಡೆ ನೋಡಲೂ ಇಲ್ಲ, ಕಿಟಕಿಯಲ್ಲಿ ಪಕ್ಕದ ಮನೆಯವಳ ಜೊತೆ ಮಾತಿಗೆ ನಿಂತಿದ್ದೆ. ತಿರುಗಿ ನೋಡಿದರೆ ಚಪ್ಪಲಿ ಅಟ್ಟೆ.

ಎಣ್ಣೆ ಹಳೆಯದು ಎಂದುಕೊಂಡೆ. ಬದಲಾಯಿಸಿದೆ. ಅಟ್ಟೆ. ಹಪ್ಪಳ ಹಸಿ ಇರಬೇಕೆಂದು ಇನ್ನೊಂದನ್ನು ಬಿಸಿಲಿಗೆ ಹಾಕಿ ಕಾದು ಕರಿದೆ. ಅಟ್ಟೆ. "ಪ್ರತಿಯೊಂದು" ಎಂಬುದನ್ನು ಹೊಡೆದು "ಹೆಚ್ಚಿನ" ಎಂದು ಬರೆದೆ. ಅಟ್ಟೆ. "ಕೆಲವು" ಎಂದು ಬರೆದೆ. ಅದೂ ಅಟ್ಟೆಯೇ! ಆಗ ನನಗೆ ಬಾಣಲೆಯ ಮೇಲೇ ಸಿಟ್ಟು ಬಂತು. ಒಂಬತ್ತು ವರ್ಷದಿಂದ ಒಂದು ಹಿಡಿ ಮೆಣಸು ಹೆಚ್ಚು ಹಾಕಬೇಕಾದರೂ ಹೆಂಗಸರನ್ನು ಕೇಳದೆ ಹಾಕಿದವಳಲ್ಲ ನಾನು. ಕೇಳಿದಾಗಲೆಲ್ಲ ಅವರು ತಲೆ ಆಡಿಸಿದ್ದಾರೆ. ಕಣ್ಣಾರೆ ಕಂಡಿದ್ದೇನೆ.

ಬುಧವಾರ ಪ್ರಹ್ಲಾದರಾಯರು ತಾವಾಗಿಯೇ ಬಂದರು. ಎಣ್ಣೆಯ ವಾಸನೆ ಬೀದಿಯವರೆಗೂ ಹೋಗಿತ್ತಂತೆ.

"ಎಷ್ಟು ಕೆಟ್ಟವು, ಭಾಗಕ್ಕ?" ಎಂದರು, ಕುರ್ಚಿಯ ಮೇಲೆ ಕೂರುತ್ತ.

"ಏನು ಕೆಟ್ಟವು? ಏನೂ ಕೆಟ್ಟಿಲ್ಲ."

"ಅದನ್ನ ಹಪ್ಪಳದ ಮೇಲೆ ಬರೆದುಕೊಡ್ತೀರಾ?"

ರಾಯರು ನಗಲಿಲ್ಲ, ಅದು ಅವರ ದೊಡ್ಡತನ. ಜೇಬಿನಿಂದ ಒಂದು ಚೀಟಿ ತೆಗೆದರು. "ತೀರ್ಮಾನಗಳಲ್ಲಿ ಎಲ್ಲರ ಪಾತ್ರವೂ ಮುಖ್ಯವಾದದ್ದು. ಹೇಗಿದೆ? ಇದರಲ್ಲಿ ಯಾರು ಮಾಡ್ತಾರೆ, ಯಾರು ಮಾಡಲ್ಲ, ಒಂದೂ ಇಲ್ಲ. ಮುಖ್ಯವಾದದ್ದು ಹೌದು ತಾನೆ? ಹಾಗಾದ್ರೆ ನಿಜ. ಕರೀರಿ, ನನ್ನ ಮುಂದೇನೇ ಕರೀರಿ."

ಕರಿದೆ. ಚಂದ್ರ.

"ನಿಮ್ಮ ಹತ್ರ ನಾನೇನೂ ತಗೊಳ್ಳಲ್ಲ," ಎಂದು ಎದ್ದರು ರಾಯರು. "ಇಷ್ಟು ವರ್ಷ ನನ್ನ ಮಾತುಗಳನ್ನ ಅಷ್ಟು ಚೆನ್ನಾಗಿ ಕರ್ದಿದ್ದೀರಿ."

ಆ ಮಾತು ನನಗೆ ಎಲ್ಲೋ ಚುಚ್ಚಿತು. ಆದರೂ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡೆ.

ಗುರುವಾರ ಬೆಳಗ್ಗೆ ಸಂಘದ ಚಪ್ಪರಕ್ಕೆ ಹೋದೆ. ಇಪ್ಪತ್ತೊಂದು ಜನವೂ ಮಣೆ ಹಾಕಿಕೊಂಡು ಎರಡು ಸಾಲಾಗಿ ಕೂತು ಲಟ್ಟಿಸುತ್ತಿದ್ದರು. ಇದು ತೀರ್ಮಾನದ ವಿಷಯ, ಕೇಳಿಯೇ ಮಾಡಬೇಕೆಂದು ಎರಡು ಸಾಲಿನ ನಡುವೆ ನಿಂತು ಜೋರಾಗಿ ಹೇಳಿದೆ: "ಮೂರನೇ ಹಪ್ಪಳಕ್ಕೆ ರಾಯರು ಒಂದು ಮಾತು ಕೊಟ್ಟಿದ್ದಾರೆ. ಅದನ್ನೇ ಹಾಕಿಬಿಡೋಣ. ಎಲ್ಲರಿಗೂ ಒಪ್ಪಿಗೆ ತಾನೆ?"

ಇಪ್ಪತ್ತೊಂದು ತಲೆಗಳೂ ಮೇಲೆ ಕೆಳಗೆ ಆಡಿದವು. ನನಗೆ ಹೊಟ್ಟೆ ತಣ್ಣಗಾಯಿತು. ಹೊರಡಲು ತಿರುಗಿದೆ. ಅಷ್ಟರಲ್ಲಿ ಎಲ್ಲರಿಗಿಂತ ಹಿರಿಯಳಾದ ಹೊನ್ನಾಜಮ್ಮ ಎಲೆಗೆ ಸುಣ್ಣ ಹಚ್ಚಲೆಂದು ಲಟ್ಟಣಿಗೆ ಪಕ್ಕಕ್ಕಿಟ್ಟಳು. ಅವಳ ತಲೆ ನಿಂತಿತು. ಉಳಿದ ಇಪ್ಪತ್ತು ಇನ್ನೂ ಆಡುತ್ತಲೇ ಇದ್ದವು.

"ಯಾಕೆ ಹೊನ್ನಾಜಮ್ಮ, ನಿನಗೆ ಒಪ್ಪಿಗೆ ಇಲ್ವಾ?"

"ಯಾವುದಕ್ಕೆ?"

"ಈಗ ಹೇಳಿದ್ನಲ್ಲ!"

"ಕೇಳಿಸ್ಲಿಲ್ಲ ಕಣವ್ವ, ಲಟ್ಟಿಸ್ತಿದ್ದೆ."

"ತಲೆ ಆಡಿಸಿದೆಯಲ್ಲ?"

"ಲಟ್ಟಿಸೋವಾಗ ತಲೆ ಆಡ್ದೆ ಇನ್ನೇನು, ಕಿವಿ ಆಡುತ್ತಾ?"

ನಾನು ನಿಂತಲ್ಲೇ ನಿಂತೆ. ಎರಡೂ ಸಾಲನ್ನು ನೋಡಿದೆ. ಲಟ್ಟಣಿಗೆ ಮುಂದೆ ಹೋದರೆ ತಲೆ ಕೆಳಗೆ, ಹಿಂದೆ ಬಂದರೆ ತಲೆ ಮೇಲೆ. ಒಂಬತ್ತು ವರ್ಷ ನಾನು ಹೊತ್ತು ನೋಡಿ ನೋಡಿ, ಕೆಲಸ ಭರದಿಂದ ನಡೆಯುವಾಗಲೇ ಕೇಳುತ್ತಿದ್ದೆ. ಆಗ ಎಲ್ಲರೂ ಒಂದೇ ಕಡೆ ಸಿಗುತ್ತಾರಲ್ಲ ಎಂದು!

"ಎಲ್ಲರೂ ಲಟ್ಟಣಿಗೆ ಕೆಳಗಿಡಿ," ಎಂದೆ. ಇಟ್ಟರು. ಚಪ್ಪರ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಕೇಳಿರಲೇ ಇಲ್ಲ. "ಬೆಳಗ್ಗೆ ಆರು ಗಂಟೆಗೆ ಬರೋದು ನಿಮಗೆಲ್ಲ ಒಪ್ಪಿಗೆ ತಾನೆ?"

ಒಂದು ತಲೆಯೂ ಅಲುಗಲಿಲ್ಲ.

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ವಲ್ಲ," ಎಂದಳು ಜೈಬು. ಜೈಬುನ್ನಿಸಾ ನಮ್ಮ ಸಂಘದಲ್ಲಿ ಎಲ್ಲರಿಗಿಂತ ತೆಳ್ಳಗೆ ಲಟ್ಟಿಸುವವಳು, ಹಳ್ಳದ ದಂಡೆಯ ಓಣಿಯವಳು. "ನೀವು ಕೇಳ್ತೀರ ಅಕ್ಕ, ಆದ್ರೆ ಬಾಯಿ ತೆಗೆಯೋಷ್ಟರಲ್ಲಿ ನಿಮ್ಮ ಬೆನ್ನು ಕಾಣ್ತಿರುತ್ತೆ."

ಆಮೇಲೆ ಕಟ್ಟೆ ಒಡೆಯಿತು. ಆರು ಗಂಟೆಗೆ ಬಂದರೆ ಮಕ್ಕಳಿಗೆ ಬುತ್ತಿ ಕಟ್ಟಲಾಗುವುದಿಲ್ಲವಂತೆ. ಮೂಲೆಯ ಮಣೆಗೆ ಇಡೀ ಬೆಳಗ್ಗೆ ಕಣ್ಣಿಗೆ ಬಿಸಿಲಂತೆ, ಐದು ವರ್ಷದಿಂದ ಅಲ್ಲಿ ಕೂರುವವಳು ಒಂದೇ ಕಣ್ಣಲ್ಲಿ ಲಟ್ಟಿಸಲು ಕಲಿತಿದ್ದಾಳಂತೆ. ನಾನು ಹಾಕುವ ರೇಡಿಯೊ ಯಾರಿಗೂ ಬೇಡವಂತೆ. ಮೆಣಸು ಹೆಚ್ಚಾಯಿತಂತೆ, ಅದೂ ಎಂಟು ವರ್ಷದ ಹಿಂದೆ! ನಾನು ನಡುವೆ ಬಾಯಿ ಹಾಕಲು ನೋಡಿದೆ. ಹೊನ್ನಾಜಮ್ಮ ಲಟ್ಟಣಿಗೆ ಎತ್ತಿ ತೋರಿಸಿದಳು, ಸುಮ್ಮನಿರು ಎಂಬಂತೆ. ಕೂತೆ. ಅವರದೇ ಒಂದು ಮಣೆಯ ಮೇಲೆ ಕೂತೆ. ಅದು ಒಂದು ಕಡೆ ಕುಂಟುತ್ತಿತ್ತು.

"ಆಯ್ತು," ಎಂದೆ ಕೊನೆಗೆ. "ಇದನ್ನೆಲ್ಲ ಸರಿ ಮಾಡೋಣ. ಆದ್ರೆ ಭಾನುವಾರಕ್ಕೆ ಸದ್ಯ ರಾಯರ ಮಾತು ಹಾಕೋಣ. ಯಂತ್ರ ಬರಲಿ. ನಿಮ್ಮ ಭುಜಕ್ಕೇ ಹೇಳ್ತಿರೋದು."

ಜೈಬು ನನ್ನ ಸೆರಗಿನ ಚೀಟಿಯನ್ನು ಈಸಿಕೊಂಡು ಓದಿಸಿ ಕೇಳಿದಳು. "ಇದು ಬಣ್ಣದ ಸಾಹುಕಾರ್ರ ಹಪ್ಪಳ ಬರೆಯೋ ಕೈಯೇ ತಾನೆ?"

"ಹೌದು."

"ಅವರ ಹಪ್ಪಳ ಅರಳ್ತಾನೇ ಇದೆ ಅಕ್ಕ, ನಮ್ಮ ಬಾವಿ ನೀರಲ್ಲಿ ಅನ್ನ ಮಾಡಿದ್ರೆ ಅನ್ನ ನೇರಳೆ. ವರ್ಷಾ ವರ್ಷಾ ನಾನೂ ಅಂಗಳದಲ್ಲಿ ನಿಂತು ನೋಡ್ತೀನಿ. ನೀವು ಕರೀತೀರ, ಎಲ್ಲರೂ ಚಪ್ಪಾಳೆ ತಟ್ತಾರೆ, ನಾನೂ ತಟ್ತೀನಿ, ತಟ್ಟದಿದ್ರೆ ಪಕ್ಕದೋರು ನೋಡ್ತಾರಲ್ಲ. ಆ ಮಾತು ನಮ್ಮ ಹಪ್ಪಳಕ್ಕೂ ಬಂದ್ರೆ ನಾನು ಯಾರ ಮುಖ ನೋಡ್ಲಿ? ಭುಜ ನೋಯಲಿ ಬಿಡಿ."

ಜೈಬು ನೆಲ ನೋಡಿಕೊಂಡು ಇನ್ನೊಂದು ಮಾತು ಹೇಳಿದಳು. "ಇನ್ನೊಂದು. ನಮ್ಮ ಹಪ್ಪಳ ನಾವೇ ಕರಿಯೋದು ಸರಿ ಅಲ್ಲ. ನೀವೇ ಬರ್ದು, ನೀವೇ ಕರ್ದು, ಅರಳ್ತು ಅಂತ ನೀವೇ ಹೇಳಿದ್ರೆ ಊರು ನಂಬುತ್ತೆ, ನಿಮ್ಮ ಮೇಲೆ ಗೌರವ ಇದೆ. ಆದ್ರೆ ಹಾಗಾಗಬಾರ್ದು. ಸಂಘ ಇಟ್ಕೊಳ್ಳಿ, ಇಲ್ಲ ಸೌಟು ಇಟ್ಕೊಳ್ಳಿ. ಎರಡೂ ಬೇಡ."

ನನ್ನ ಕಿವಿ ಬಿಸಿಯಾಯಿತು. ಏನೇನೋ ಅಂದೆ. ಹನ್ನೊಂದು ವರ್ಷ ಅಂದೆ, ಒಂದು ಹಪ್ಪಳವನ್ನೂ ಕರಕಲು ಮಾಡಿಲ್ಲ ಅಂದೆ, ಕಣ್ಣಲ್ಲಿ ನೀರೂ ಬಂತು. ಹೊನ್ನಾಜಮ್ಮ ತಾಂಬೂಲ ಒಂದು ದವಡೆಗೆ ತಳ್ಳಿ, "ಕೈ ಎತ್ತಿ ನೋಡೋಣ, ತಲೆ ನಂಬೋಹಾಗಿಲ್ಲ," ಎಂದಳು. ಸೌಟು ಬಿಡಲಿ ಎಂದು ಹಿಟ್ಟು ಮೆತ್ತಿದ ಇಪ್ಪತ್ತೊಂದು ಕೈ ಮೇಲೆದ್ದವು. ಬೇಡ ಎಂದು ಎತ್ತಿದ್ದು ನಾನೊಬ್ಬಳೇ.

ಮೂರನೆಯ ಹಪ್ಪಳವನ್ನು ಆಮೇಲೆ ಅವರೇ ಬರೆಸಿದರು. ಗರಿಕಡ್ಡಿ ಹಿಡಿದದ್ದು ನಾನು, ಮಾತು ಅವರದು: "ಈ ಗುರುವಾರ, ಒಂದೇ ಒಂದು ತೀರ್ಮಾನವನ್ನು ಎಲ್ಲರೂ ಕೂಡಿ ಮಾಡಿದೆವು."

ಭಾನುವಾರ ಅಂಗಳಕ್ಕೆ ಹೊರಡುವವರೆಗೂ ಆ ಹಪ್ಪಳ ನನ್ನನ್ನು ಕಾಡಿತು. ನಮ್ಮದನ್ನು ನಾವೇ ಕರಿಯಬಾರದೆಂದ ಮೇಲೆ ಪರೀಕ್ಷೆಗೆಂದು ಕರಿದು ನೋಡುವ ಹಾಗೂ ಇರಲಿಲ್ಲ. ಎಲ್ಲರೂ ಕೂಡಿ ಎಂದರೇನು? ನಾನು ಬೇಡವೆಂದು ಕೈ ಎತ್ತಿದವಳು. ಸೋತವಳೂ ಸೇರಿದ ಹಾಗೋ, ಇಲ್ಲವೋ? ಸೇರದಿದ್ದರೆ ಅದು ಮುದುರುತ್ತದೆ, ಯಂತ್ರ ಬರುವುದಿಲ್ಲ, ಆ ಭುಜಗಳು ಮತ್ತೊಂದು ವರ್ಷ ಕುಟ್ಟಬೇಕು. ಅಂಗಳಕ್ಕೆ ಹೋದಾಗ ಒಲೆ ಹಚ್ಚಿಯಾಗಿತ್ತು. ಮೊದಲನೆಯ ಸರದಿಯೇ ನಮ್ಮದು. ಜನ ನನ್ನನ್ನು ಕಂಡು ಎದ್ದು ನಿಂತರು. ಸೌಟು ನನ್ನ ಕೈಯಲ್ಲಿತ್ತು, ಅದರ ಹಿಡಿ ನನ್ನ ಅಂಗೈಗೆ ತಕ್ಕ ಹಾಗೆ ಸವೆದಿತ್ತು. ಅದನ್ನು ಬೇರೆಯವರಿಗೆ ಕೊಡುವ ಹಕ್ಕು ಹಿಡಿದವರಿಗೆ ಮಾತ್ರ. ಕೇಳಿ ಪಡೆಯುವ ಹಾಗಿಲ್ಲ. ಕೊಡದಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಇಪ್ಪತ್ತೊಂದು ಜನ ಹಿಂದಿನ ಸಾಲಿನಲ್ಲಿ ನಿಂತು ನೋಡುತ್ತಿದ್ದರು, ಅಷ್ಟೆ.

ದನದ ಆಸ್ಪತ್ರೆಯ ಕಾಂಪೌಂಡರ್ ಚೌಡಯ್ಯ ಹತ್ತಿರದಲ್ಲಿದ್ದ. ಅವನ ಕೈಗೆ ಸೌಟು ತುರುಕಿದೆ.

"ಇದೇನು ಭಾಗಕ್ಕ? ನಾನು ಎಮ್ಮೆಗೆ ಇಂಜೆಕ್ಷನ್ ಚುಚ್ಚೋನು!"

"ಕೈ ನಡುಗಲ್ವಲ್ಲ, ಸಾಕು. ಕರಿ."

ಜನ ಗುಜುಗುಜು ಎಂದರು. ನಾನು ಬಾಣಲೆಯ ಆಚೆ ಬದಿಗೆ, ಯಜಮಾನರು ನಿಲ್ಲುವ ಜಾಗಕ್ಕೆ ಹೋಗಿ ನಿಂತೆ. ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಮೊದಲೆರಡು ಹಪ್ಪಳ ಓದಿದೆ, ಅರಳಿದವು. ಮೂರನೆಯದನ್ನು ಎತ್ತಿ ಹಿಡಿದು ಓದತೊಡಗಿದೆ. "ಈ ಗುರುವಾರ, ಒಂದೇ ಒಂದು ತೀರ್ಮಾನವನ್ನು..." ಅಂಗಳದಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ವರ್ಷಕ್ಕೆ ಒಂದೇ! ಚೌಡಯ್ಯ ದೂರದಿಂದ ಎಸೆದ, ಎಣ್ಣೆ ಸಿಡಿಯಿತು. ಹಪ್ಪಳ ಅಂಚಿನಲ್ಲಿ ಸ್ವಲ್ಪ ಒಳಕ್ಕೆ ಬಾಗಿತು. ನನ್ನ ಜೀವವೂ ಬಾಗಿತು. ಆಮೇಲೆ ನಡುವಿನಿಂದ ಒಂದು ಗುಳ್ಳೆ ಎದ್ದಿತು, ಪಕ್ಕದಲ್ಲಿ ಇನ್ನೊಂದು, ನೋಡನೋಡುತ್ತ ಬಾಣಲೆಯ ತುಂಬ ಅರಳಿಕೊಂಡಿತು. ಹಿಂದಿನ ಸಾಲಿನಿಂದ ಕೇಕೆ ಬಂತು. ಹೊನ್ನಾಜಮ್ಮ ಉಗುಳಲು ಓಡಿದಳು, ಬಾಯಿಬಿಟ್ಟು ನಗಬೇಕಾಗಿತ್ತಲ್ಲ.

ನಮ್ಮ ನಂತರ ಈರಭದ್ರಪ್ಪನವರು. ರೇಷ್ಮೆ ಪಂಚೆ ಎತ್ತಿಕೊಂಡು ಬಂದು ಪ್ರತಿ ವರ್ಷದ ಹಾಗೇ ಓದಿದರು: "ಹಳ್ಳದ ವಿಷಯವಾಗಿ ನಾವು ಯೋಚಿಸಿದ್ದೇವೆ."

ಸೌಟು ಹಿಡಿದವರು ಬಾಣಲೆಯ ಮುಂದೆ ತುಟಿ ಬಿಚ್ಚುವ ಹಾಗಿಲ್ಲ, ಅದು ನಿಯಮ. ಹನ್ನೊಂದು ವರ್ಷ ನಾನು ಹೇಗೆ ತಡೆದುಕೊಂಡಿದ್ದೆನೋ ನನ್ನ ದೇವರಿಗೇ ಗೊತ್ತು. ಆ ಹೊತ್ತು ನನ್ನ ಕೈ ಖಾಲಿ, ಬಾಯಿಗೂ ಬೀಗವಿಲ್ಲ.

"ಯಾವ ವಾರ, ಸಾಹುಕಾರ್ರೇ?" ಎಂದೆ.

"ಏನು ಯಾವ ವಾರ?"

"ಯೋಚಿಸಿದ್ದು. ನಮ್ಮದು ಗುರುವಾರ. ನಿಮ್ಮದು?"

ಅವರು ರಾಯರ ಕಡೆ ನೋಡಿದರು. ರಾಯರು ಕನ್ನಡಕ ತೆಗೆದು ಒರೆಸತೊಡಗಿದರು. "ಯೋಚಿಸಿದ್ದೀವಿ ಅಂದ್ರೆ ಯೋಚಿಸಿದ್ದೀವಿ. ವಾರ ಎಲ್ಲಿಂದ ತರೋದು?"

"ಹೋಗ್ಲಿ, ಯೋಚಿಸಿ ಏನ್ ಮಾಡಿದ್ರಿ?" ಇದು ಜೈಬುವಿನ ಧ್ವನಿ. ಹಿಂದಿನಿಂದ ಇನ್ಯಾರೋ, "ವಾರ ಬರೀರಿ!" ಎಂದರು. ಅಂಗಳಕ್ಕೆ ಆ ಮಾತು ರುಚಿಸಿತು. "ವಾರ ಬರೀರಿ! ವಾರ ಬರೀರಿ!" ಅಕ್ಕಿ ಗಿರಣಿಯ ಮಾಲೀಕರು ಮೆಲ್ಲಗೆ ತಮ್ಮ ಮೂರು ಹಪ್ಪಳವನ್ನೂ ಶಾಲಿನೊಳಗೆ ಸೇರಿಸಿಕೊಂಡದ್ದನ್ನು ನಾನು ಕಂಡೆ.

ಈರಭದ್ರಪ್ಪನವರ ಮುಂದೆ ಹೊಸ ಹಪ್ಪಳ, ಗರಿಕಡ್ಡಿ ಬಂದವು. ಅವರು ಮೆಟ್ಟಿಲ ಮೇಲೆ ಕೂತರು. ಬಹಳ ಹೊತ್ತು ಕೂತರು. ಏನು ಬರೆದರೂ ಅಗಿಯಬೇಕಾದೀತೆಂದು ದವಡೆ ಮುಟ್ಟಿಕೊಂಡರು, ಪಾಪ. ಆಮೇಲೆ ರಾಯರನ್ನೂ ಕೇಳದೆ, ಸಣ್ಣ ಅಕ್ಷರದಲ್ಲಿ ಏನೋ ಬರೆದು, ಬಿಸಿಲಿಗೆ ಹಿಡಿದು ಒಣಗಿಸಿ ತಂದರು. ಓದಿದಾಗ ಧ್ವನಿ ಮುಂದಿನ ಸಾಲಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಓದಿಸಿದರು.

"ಸಂತೆಯ ದಿನ, ದಂಡೆಯ ಓಣಿಯವರು ಮನೆಯಲ್ಲಿ ಇಲ್ಲದಾಗ, ತೂಬು ಎತ್ತಿ ಬಣ್ಣದ ನೀರನ್ನು ಹಳ್ಳಕ್ಕೆ ಬಿಡುತ್ತೇವೆ."

ಕೇಕೆ ನಿಂತುಹೋಯಿತು. ಚೌಡಯ್ಯ ಎಣ್ಣೆಗೆ ಬಿಟ್ಟ. ಹಪ್ಪಳ ಅರಳಿತು ನೋಡಿ, ಬಾಣಲೆಯ ಅಂಚು ದಾಟಿ ಹೊರಕ್ಕೆ ಬಂತು. ಅಷ್ಟು ದೊಡ್ಡದನ್ನು ನಾನು ಕಂಡಿರಲಿಲ್ಲ. ಈರಭದ್ರಪ್ಪನವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಏನು ಮಾಡುವುದೆಂದು ತಿಳಿಯದೆ ಜೈಬುವಿನ ಹತ್ತಿರ ಹೋದರು. ಅವಳು ಅವರ ಮುಖ ನೋಡಿದಳು, ಹಪ್ಪಳ ನೋಡಿದಳು. ಒಂದು ಚೂರು ಮುರಿದುಕೊಂಡಳು. ತಿನ್ನಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡಳು. "ಓಣಿಯಲ್ಲಿ ತೋರಿಸ್ಬೇಕು," ಎಂದಳು.

ಸಾಹುಕಾರರು ಉಳಿದದ್ದನ್ನು ಕಚ್ಚಿದರು. ಗರಗರ ಸದ್ದು ಅಂಗಳಕ್ಕೆಲ್ಲ ಕೇಳಿಸಿತು. ಕಣ್ಣು ಮುಚ್ಚಿ, ಕೊನೆಯ ಚೂರನ್ನೂ ಮುಗಿಸಿ, ತುಟಿಯ ಎಣ್ಣೆ ಒರೆಸಿಕೊಂಡು ನನ್ನ ಕಡೆ ಬಗ್ಗಿದರು.

"ಭಾಗಕ್ಕ," ಎಂದರು ಮೆಲ್ಲಗೆ, "ಇನ್ನೊಂದು ಹಪ್ಪಳ ಇದೆಯಾ? ಬರೆಯೋದು ಇನ್ನೂ ಇದೆ."